ಹೊಸ ಮಾಡೆಲ್ ಬರುವ ತನಕ

ದುಬೈಯ ದೇರಾ ಭಾಗದಲ್ಲಿ ನಾನಿರುವ ಬಡಾವಣೆಯ ಹೆಸರು ಅಲ್ ಮುರಕ್ಕಬಾತ್. ಅರಬಿಯಲ್ಲಿ ಈ ಹೆಸರಿನ ಹಿಂದಿರುವ ಧಾತುವಿಗೆ ಕಣ್ಣಿಟ್ಟು ನೋಡುವುದು, ಕಾವಲಿರುವುದು ಎಂಬ ಅರ್ಥವಿದೆ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತು 'ತರಕ್ಕುಬ್'. ಹಾಗೆಂದರೆ ನಿರೀಕ್ಷೆ. ಅರಬಿ ಬಲ್ಲ ಗೆಳೆಯರೊಬ್ಬರು ಇದನ್ನು ವಿವರಿಸಿದಾಗ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ನಮ್ಮ 'ಕಾಯು' ಕೂಡ ಇವೆರಡೂ ಕೆಲಸ ಮಾಡುತ್ತದೆ. ಗದ್ದೆ ಕಾಯುವವನೂ ಕಾಯುತ್ತಾನೆ, ಬಸ್ಸಿಗೆ ನಿಂತವನೂ ಕಾಯುತ್ತಾನೆ. ಇರುವುದನ್ನು ಕಾಪಾಡುವುದು, ಬರಲಿರುವುದರ ಹಾದಿ ನೋಡುವುದು, ಎರಡಕ್ಕೂ ಒಂದೇ ಮಾತು.

ಗಲ್ಫಿನಲ್ಲಿರುವವರಿಗೆ ಕಾಯುವುದು ಹೊಸತಲ್ಲ. ವೀಸಾಕ್ಕೆ ಕಾಯುತ್ತೇವೆ, ರಜೆಗೆ ಕಾಯುತ್ತೇವೆ, ವಿಮಾನದ ಟಿಕೆಟ್ ಅಗ್ಗವಾಗುವುದಕ್ಕೆ ಕಾಯುತ್ತೇವೆ. ಇವನ್ನೆಲ್ಲ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಇಲ್ಲಿಯ ಇನ್ನೊಂದು ಕಾಯುವಿಕೆಯ ಬಗ್ಗೆ. ಅದು ಕಾರಿನ ಹೊಸ ಮಾಡೆಲ್‌ಗೆ ಕಾಯುವುದು. ಸಲಾಹುದ್ದೀನ್ ರಸ್ತೆಯ ಚಹಾ ಅಂಗಡಿಯೊಂದರ ಮುಂದೆ ಸಂಜೆ ಅರ್ಧ ತಾಸು ನಿಂತರೆ ಸಾಕು, ಮಲಯಾಳಿ, ಪಠಾಣ, ಅರಬ, ನಮ್ಮ ಕರಾವಳಿಯವ, ಯಾರ ಬಾಯಿಂದಾದರೂ ಈ ವಿಷಯ ಬಂದೇ ಬರುತ್ತದೆ. ಮುಂದಿನ ವರ್ಷ ಯಾವುದು ಬರುತ್ತದಂತೆ, ಯಾವುದು ನಿಲ್ಲುತ್ತದಂತೆ, ಎಂಜಿನ್ ಎಷ್ಟು ಸಿಲಿಂಡರಿನದಂತೆ. ಈ 'ಅಂತೆ'ಗಳಲ್ಲಿ ಹುಡುಗಾಟಿಕೆ ಇಲ್ಲವೆನ್ನಲಾರೆ. ಆದರೆ ಮಾತನಾಡುವವರಲ್ಲಿ ಅರ್ಧದಷ್ಟು ಜನ ಆ ಹೊಸ ಕಾರನ್ನು ಎಂದೂ ಕೊಳ್ಳುವವರಲ್ಲ. ಹಾಗಿದ್ದೂ ಅವರಿಗೆ ಅದರ ಚಿಂತೆ ಏಕೆ? ಇದಕ್ಕೆ ಉತ್ತರ ಹುಡುಕಲು ಸುಮಾರು ಎಪ್ಪತ್ತು ವರ್ಷ ಹಿಂದೆ ಹೋಗಬೇಕು.

1950ರ ದಶಕದ ದುಬೈಗೆ ಬಂದರು ಎಂದರೆ ಊರನ್ನು ಸೀಳಿ ಒಳಗೆ ಬಂದ ಕ್ರೀಕ್ ಒಂದೇ. ಒಂದು ದಡದಲ್ಲಿ ದೇರಾ, ಇನ್ನೊಂದು ದಡದಲ್ಲಿ ಬರ್ ದುಬೈ. ಅಲ್ ಮಕ್ತೂಮ್ ಸೇತುವೆ ಆದದ್ದು 1963ರಲ್ಲಿ. ಅಲ್ಲಿಯ ತನಕ ಜನ ಅಬ್ರಾ ದೋಣಿಯಲ್ಲಿ ದಾಟುತ್ತಿದ್ದರು, ವಾಹನವಿದ್ದವರು ಕ್ರೀಕಿನ ತುದಿಯನ್ನೇ ಸುತ್ತಿ ಬರಬೇಕಿತ್ತು. ಅಬುಧಾಬಿಗೆ ಹೋಗುವುದೆಂದರೆ ಮರಳು ಮತ್ತು ಉಪ್ಪುನೆಲದ ಮೇಲಿನ ಪ್ರಯಾಣ. ಡಾಂಬರು ಕಾಣದ ಅಂಥ ದಾರಿಗಳಲ್ಲಿ ಮೊದಲು ಹೆಸರು ಮಾಡಿದ್ದು ಬ್ರಿಟಿಷರ ಲ್ಯಾಂಡ್ ರೋವರ್. ಸೈನಿಕರೂ ತೈಲ ಹುಡುಕಿ ಬಂದ ಕಂಪೆನಿಗಳೂ ಅದನ್ನೇ ಬಳಸುತ್ತಿದ್ದರು.

ಅದರ ಜಾಗಕ್ಕೆ ಬಂದ ಎರಡು ಜಪಾನಿ ಗಾಡಿಗಳ ಕತೆ ಆರಂಭವಾಗುವುದು ಒಂದು ಸೋಲಿನಿಂದ. ಕೊರಿಯಾ ಯುದ್ಧದ ಹೊತ್ತಿನಲ್ಲಿ ಜಪಾನ್ ತನ್ನ ಮೀಸಲು ಪೊಲೀಸ್ ಪಡೆಗೆ ಜೀಪಿನಂಥ ವಾಹನ ಬೇಕೆಂದಿತು. ಟೊಯೋಟಾ ಒಂದನ್ನು ಮಾಡಿತು, ನಿಸಾನ್ ಇನ್ನೊಂದನ್ನು ಮಾಡಿತು. ಎರಡೂ 1951ರಲ್ಲಿ ತಯಾರಾದವು. ಟೊಯೋಟಾದವರು ತಮ್ಮ ಗಾಡಿಯನ್ನು ಫ್ಯೂಜಿ ಪರ್ವತದ ಆರನೆಯ ಹಂತದ ತನಕ ಹತ್ತಿಸಿ ತೋರಿಸಿದರು. ಆದರೂ ಕೊನೆಗೆ ಗುತ್ತಿಗೆ ಸಿಕ್ಕಿದ್ದು ಅಮೆರಿಕದ ಪರವಾನಗಿಯಲ್ಲಿ ಜೀಪು ಕಟ್ಟುತ್ತಿದ್ದ ಮಿತ್ಸುಬಿಷಿಗೆ. ಕೆಲಸ ಸಿಗದ ಆ ಎರಡು ಗಾಡಿಗಳು ಬೇರೆ ದೇಶಗಳ ದಾರಿ ಹಿಡಿದವು. ಟೊಯೋಟಾದ್ದಕ್ಕೆ 1954ರಲ್ಲಿ ಲ್ಯಾಂಡ್ ಕ್ರೂಸರ್ ಎಂದು ಹೆಸರಾಯಿತು. ನಿಸಾನಿನದು ಪ್ಯಾಟ್ರೋಲ್. ಇಲ್ಲಿಯ ಅಲ್ ಫುತ್ತೈಮ್ ಮನೆತನದ ಸಂಸ್ಥೆ 1955ರಿಂದ ಟೊಯೋಟಾದ ವಿತರಕ. ದುಬೈ ಮತ್ತು ಉತ್ತರದ ಎಮಿರೇಟುಗಳಲ್ಲಿ ನಿಸಾನ್ ಮಾರುವ ರೋಸ್ತಮಾನಿ ಬಳಗದ ಅರೇಬಿಯನ್ ಆಟೊಮೊಬೈಲ್ಸ್ ಹುಟ್ಟಿದ್ದು 1968ರಲ್ಲಿ. ಇವೆಲ್ಲ ಸಂಯುಕ್ತ ಅರಬ್ ಎಮಿರೇಟ್ಸ್ ಎಂಬ ದೇಶಕ್ಕಿಂತಲೂ ಹಳೆಯವು. ದೇಶ ಕೂಡಿಬಂದದ್ದು 1971ರ ಡಿಸೆಂಬರಿನಲ್ಲಿ.

ನಮ್ಮವರು ಮರೆತಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅಂದಿನ ದುಬೈಯಲ್ಲಿ ನಡೆಯುತ್ತಿದ್ದ ಹಣ ರೂಪಾಯಿ. 1959ರಿಂದ ಭಾರತದ ರಿಸರ್ವ್ ಬ್ಯಾಂಕ್ ಈ ಕಡಲತೀರಕ್ಕೆಂದೇ ಬೇರೆ ಬಣ್ಣದ ಗಲ್ಫ್ ರೂಪಾಯಿಯನ್ನು ಅಚ್ಚು ಹಾಕಿಸುತ್ತಿತ್ತು. ಅಂದರೆ ದೇರಾಕ್ಕೆ ಬಂದ ಆರಂಭದ ಟೊಯೋಟಾಗಳ ವ್ಯಾಪಾರ ನಡೆದದ್ದು ನಮ್ಮ ರೂಪಾಯಿಯ ಕಾಲದಲ್ಲಿ. 1966ರ ಜೂನಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ಇಲ್ಲಿಯವರು ಅದನ್ನು ಕೈಬಿಟ್ಟರು. ಎಡಬದಿಯಲ್ಲಿ ಓಡುತ್ತಿದ್ದ ವಾಹನಗಳು ಬಲಬದಿಗೆ ಹೊರಳಿದ್ದೂ ಅದೇ ವರ್ಷ. ದುಬೈಯ ಕಡಲಿನಲ್ಲಿ ತೈಲ ಸಿಕ್ಕಿದ್ದೂ ಅದೇ ವರ್ಷ. ಬೊಂಬಾಯಿಯ ಕಡೆಗೆ ಮುಖ ಮಾಡಿದ್ದ ಊರು ಬೇರೆ ದಿಕ್ಕಿಗೆ ತಿರುಗಿದ್ದನ್ನು ಒಂದೇ ವರ್ಷದಲ್ಲಿ ತೋರಿಸಬೇಕಾದರೆ 1966ನ್ನು ತೋರಿಸಬಹುದು.

ಆ ಹೊತ್ತಿಗೆ ನಮ್ಮ ದೇಶದಲ್ಲಿ ಏನು ನಡೆದಿತ್ತು? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957ರಲ್ಲಿ ಹುಟ್ಟಿದ ಅಂಬಾಸಿಡರ್ ಓಡಾಡುತ್ತಿತ್ತು. ಜೊತೆಗೆ ಫಿಯೆಟ್, ಅದೇ ಮುಂದೆ ಪದ್ಮಿನಿಯಾಯಿತು. ಯಾವ ಕಾರ್ಖಾನೆ ಎಷ್ಟು ಕಾರು ಮಾಡಬೇಕೆಂಬುದು ಸರಕಾರದ ಪರವಾನಗಿಯ ವಿಷಯ. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹೊಸ ಮಾಡೆಲ್ ಎಂದರೆ ದೀಪದ ಸುತ್ತಲಿನ ಪಟ್ಟಿಯೋ ಮುಂದಿನ ಜಾಲರಿಯೋ ಬದಲಾದದ್ದು. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿಕೈ ಹಸ್ತಾಂತರವಾದಾಗ, ಆ ಪುಟ್ಟ ಕಾರಿಗಾಗಿ ಹಣ ಕಟ್ಟಿ ಸರದಿಯಲ್ಲಿದ್ದವರ ಸಂಖ್ಯೆ ಲಕ್ಷಕ್ಕೂ ಮೀರಿತ್ತು. ಊರಿನಲ್ಲಿ ನಾವು ಕಾಯುತ್ತಿದ್ದದ್ದು ಕಾರಿಗೆ. ಗಲ್ಫಿನವರು ಕಾಯುತ್ತಿದ್ದದ್ದು ಮುಂದಿನ ಕಾರಿಗೆ. ಒಂದರಲ್ಲಿ ಕಾಯದೆ ಬೇರೆ ದಾರಿಯಿಲ್ಲ, ಇನ್ನೊಂದರಲ್ಲಿ ಕಾಯುವುದೇ ಒಂದು ಆಯ್ಕೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮಂಗಳೂರು, ಉಡುಪಿ, ಭಟ್ಕಳದಿಂದ ಹೊರಟು ಬಂದವರು ಕಡಲು ದಾಟಿದಾಗ ಈ ಎರಡು ಕಾಯುವಿಕೆಗಳ ನಡುವಿನ ಗೆರೆಯನ್ನೂ ದಾಟಿದರು.

ಆದರೆ ದಾಟಿದ ಮಾತ್ರಕ್ಕೆ ಅವರು ಹೊಸ ಕಾರಿನ ಗಿರಾಕಿಗಳಾಗಲಿಲ್ಲ. ಇಲ್ಲಿ ಕಾರಿಗೆ ಒಂದು ಜಾತಕವಿದೆ. ಅದನ್ನು ಹಿಡಿದಿಡುವ ಕಾಗದಕ್ಕೆ ಮುಲ್ಕಿಯಾ ಎನ್ನುತ್ತಾರೆ. ವಾಹನದ ಒಡೆತನದ ಚೀಟಿ ಅದು. ನಮ್ಮ ಮೂಲ್ಕಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೊಸದಾಗಿ ಬಂದ ಕರಾವಳಿಯವರು ಆ ಪದ ಕೇಳಿ ಒಮ್ಮೆ ನಗದೆ ಇರುವುದಿಲ್ಲ. ಮುಲ್ಕಿಯಾದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕೆ ಮಾಡೆಲ್‌ನ ವರ್ಷ. ಇಲ್ಲಿ ಯಾರೂ 'ಕಾರು ತೆಗೆದುಕೊಂಡು ಎಷ್ಟು ವರ್ಷವಾಯಿತು' ಎಂದು ಕೇಳುವುದಿಲ್ಲ. 'ಮಾಡೆಲ್ ಎಷ್ಟು?' ಎಂದು ಕೇಳುತ್ತಾರೆ. ಹದಿನೆಂಟು, ಇಪ್ಪತ್ತೊಂದು ಎಂದು ಉತ್ತರ. ಮೊದಲ ಮೂರು ವರ್ಷ ಸ್ವಂತ ಬಳಕೆಯ ಹೊಸ ಕಾರಿಗೆ ದುಬೈಯಲ್ಲಿ ತಪಾಸಣೆಯಿಲ್ಲ. ಆಮೇಲೆ ಪ್ರತಿ ವರ್ಷ 'ಪಾಸಿಂಗ್' ಆಗಬೇಕು. ವಿಮೆಯ ಕಂತು, ಬ್ಯಾಂಕಿನ ಸಾಲ, ಮಾರುವಾಗ ಸಿಗುವ ಬೆಲೆ, ಎಲ್ಲವೂ ಈ ಅಂಕೆಯ ಮೇಲೆ ನಿಂತಿವೆ. 2011ರಲ್ಲಿ ಇಲ್ಲಿಯ ಕೇಂದ್ರ ಬ್ಯಾಂಕ್ ಕಾರಿನ ಬೆಲೆಯ ನೂರಕ್ಕೆ 80ಕ್ಕಿಂತ ಹೆಚ್ಚು ಸಾಲ ಕೊಡಕೂಡದು, 60 ತಿಂಗಳಿಗಿಂತ ಹೆಚ್ಚು ಅವಧಿ ಕೊಡಕೂಡದು ಎಂದಿತು. ಕೈಯಿಂದ ಐದನೇ ಒಂದು ಭಾಗ ಹಾಕಲಾರದವರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಕಡೆಗೆ ಇನ್ನಷ್ಟು ತಿರುಗಿದರು.

ಹೀಗಾಗಿ ಒಂದು ಕಾರು ಇಲ್ಲಿ ಕೈಯಿಂದ ಕೈಗೆ ಇಳಿಯುತ್ತ ಹೋಗುತ್ತದೆ. ಶೋರೂಮಿನಿಂದ ಮೊದಲು ಅರಬ್ ಮನೆಗೋ ದೊಡ್ಡ ಸಂಬಳದವನ ಮನೆಗೋ ಹೋಗುತ್ತದೆ. ನಾಲ್ಕೈದು ವರ್ಷದ ಮೇಲೆ ನಮ್ಮಂಥ ಗುಮಾಸ್ತರು, ಎಂಜಿನಿಯರುಗಳು, ನರ್ಸುಗಳ ಸಂಸಾರಕ್ಕೆ ಬರುತ್ತದೆ. ಹತ್ತು ದಾಟಿದ ಮೇಲೆ ರಾಸ್ ಅಲ್ ಖೋರ್‌ನ ಹಳೆ ಕಾರಿನ ಮಾರುಕಟ್ಟೆಗೆ, ಅಲ್ಲಿಂದ ಹಡಗು ಹತ್ತಿ ಆಫ್ರಿಕಾಕ್ಕೋ ಅಫ್ಘಾನಿಸ್ತಾನಕ್ಕೋ. ಬಳಸಿದ ಕಾರುಗಳ ಮರುರಫ್ತಿಗೆಂದೇ ದುಬೈ 2000ದಲ್ಲಿ ಅಲ್ಲೊಂದು ಮುಕ್ತ ವಲಯ ತೆರೆಯಿತು. ಮೇಲಿನ ಮೆಟ್ಟಿಲಿಗೆ ಹೊಸದು ಬಂದಾಗಲೇ ಕೆಳಗಿನ ಮೆಟ್ಟಿಲಿಗೆ ಹಳೆಯದು ಇಳಿಯುವುದು. ಹೊಸ ಕಾರು ಕೊಳ್ಳಲಾರದವನೂ ಅದರ ಸುದ್ದಿಗೆ ಕಿವಿ ಕೊಡುವ ಕಾರಣ ಇದು. ಅವನು ಕಾಯುತ್ತಿರುವುದು ಹಳೆಯದಕ್ಕೆ.

ಈಗ ಮೂರು ಕಾರುಗಳ ಲೆಕ್ಕ ನೋಡೋಣ. ಲ್ಯಾಂಡ್ ಕ್ರೂಸರಿನ 200 ಸರಣಿ ಬಂದದ್ದು 2007ರಲ್ಲಿ, ಅದರ ಜಾಗಕ್ಕೆ 300 ಬಂದದ್ದು 2021ರಲ್ಲಿ. ಅದರ ತಮ್ಮನೆನಿಸಿದ ಪ್ರಾಡೊದ ಒಂದು ರೂಪ 2009ರದು, ಮುಂದಿನದು ಕಂಡದ್ದು 2023ರ ಆಗಸ್ಟಿನಲ್ಲಿ. ನಿಸಾನ್ ಪ್ಯಾಟ್ರೋಲ್ 2010ರ ಫೆಬ್ರುವರಿಯಲ್ಲಿ ಬಂತು, ಮತ್ತೆ ಪೂರ್ತಿ ಹೊಸದಾದದ್ದು 2024ರ ಸೆಪ್ಟೆಂಬರಿನಲ್ಲಿ. ಕಳೆದು ನೋಡಿ, ಮೂರಕ್ಕೂ ಹದಿನಾಲ್ಕು ವರ್ಷ. ನಮ್ಮ ಜನಕ್ಕೆ ಆ ಸಂಖ್ಯೆಯ ಭಾರವನ್ನು ವಿವರಿಸಬೇಕಿಲ್ಲ. ವನವಾಸಕ್ಕೆ ಹೋದವರ ಕಷ್ಟ ಒಂದು ಬಗೆಯದಾದರೆ ಪಾದುಕೆ ಇಟ್ಟುಕೊಂಡು ಕಾದವನ ಕಷ್ಟ ಇನ್ನೊಂದು ಬಗೆಯದು.

ಇಷ್ಟು ತಡವೇಕೆ? ಇದೇ ಕಾಲದಲ್ಲಿ ಕ್ಯಾಮ್ರಿಯಂಥ ಕಾರು 2011ರಲ್ಲೊಮ್ಮೆ, 2017ರಲ್ಲೊಮ್ಮೆ ಹೊಸ ಮೈ ತೊಟ್ಟಿತು. ಆದರೆ ಮರಳಿಗೆ ಇಳಿಯುವ ಈ ದೊಡ್ಡ ಗಾಡಿಗಳು ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದವು. ಹೊಸದಾಗಿ ರೂಪಿಸುವ ಖರ್ಚು ಬಹಳ, ಮಾರಾಟದ ಸಂಖ್ಯೆ ಸಣ್ಣ ಕಾರುಗಳಷ್ಟಿಲ್ಲ. ಇನ್ನೊಂದು ಕಾರಣ ಕೊಳ್ಳುವವರದ್ದೇ. ಮರುಭೂಮಿಯ ನಡುವೆ ಕೈಕೊಡದ ಗಾಡಿ ಎಂಬ ನಂಬಿಕೆ ಹುಟ್ಟುವುದಕ್ಕೆ ವರ್ಷಗಳು ಬೇಕು, ಹಾಗಾಗಿ ಇದ್ದದ್ದನ್ನು ಬದಲಿಸುವುದಕ್ಕೆ ಕಂಪೆನಿಗಳಿಗೂ ಅಳುಕು. ನಡುನಡುವೆ ದೀಪ, ಬಂಪರು ತಿದ್ದಿ ಮಾರುತ್ತಾರೆ. ಅಭಿಮಾನಿಗಳು ಅದನ್ನು ಹೊಸ ಮಾಡೆಲ್ ಎಂದು ಒಪ್ಪುವುದಿಲ್ಲ.

ಈ ಅಭಿಮಾನಿಗಳೆಂದರೆ ಯಾರು? ಅರಬ್ ಹುಡುಗರು ಮಾತ್ರವಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳಲ್ಲೂ ಇದ್ದಾರೆ. ವಾರದ ರಜೆಯಲ್ಲಿ ಟೈರಿನ ಗಾಳಿ ಇಳಿಸಿ ಮರಳದಿಬ್ಬ ಹತ್ತುವುದು ಅವರ ಆಟ. ಅಬುಧಾಬಿಯ ದಕ್ಷಿಣದ ಲಿವಾದಲ್ಲಿ ತಲ್ ಮೊರೀಬ್ ಎಂಬ ಮರಳಿನ ಗುಡ್ಡವಿದೆ, ಎತ್ತರ ಸುಮಾರು 300 ಮೀಟರು. ಅದನ್ನು ಯಾವ ಎಂಜಿನ್ ಹೇಗೆ ಹತ್ತುತ್ತದೆಂಬುದು ಈ ಮಕ್ಕಳಿಗೆ ನಮ್ಮೂರಿನವರಿಗೆ ಕಂಬಳದ ಕೋಣದ ಓಟ ಇದ್ದಂತೆ. ಇನ್ನೂ ಬಿಡುಗಡೆಯಾಗದ ಕಾರುಗಳನ್ನು ಕಂಪೆನಿಯವರು ಕಪ್ಪುಬಿಳಿ ಗೀಟಿನ ಹೊದಿಕೆ ಅಂಟಿಸಿ ಇಲ್ಲಿಯ ಜುಲೈ ಬಿಸಿಲಿಗೆ ತಂದು ಪರೀಕ್ಷಿಸುತ್ತಾರೆ. ಅಂಥದ್ದೊಂದನ್ನು ಹೆದ್ದಾರಿಯಲ್ಲಿ ಕಂಡವನಿಗೆ ಆ ವಾರವೆಲ್ಲ ಮರ್ಯಾದೆ. ಹೊದಿಕೆಯ ಒಳಗಿನ ಉಬ್ಬುತಗ್ಗು ನೋಡಿ ಮುಖ ಹೇಗಿದ್ದೀತೆಂದು ಚರ್ಚೆ. ಮುಸುಕಿನೊಳಗಿನ ಮದುಮಗಳ ಚೆಲುವನ್ನು ಊಹಿಸುವ ನೆಂಟರ ಹಾಗೆ.

2021ಕ್ಕೆ ಮುಂಚಿನ ಎರಡು ಮೂರು ವರ್ಷ ಅವರನ್ನು ಕಾಡಿದ ಪ್ರಶ್ನೆ ಒಂದೇ: ಎಂಟು ಸಿಲಿಂಡರಿನ ಎಂಜಿನ್ ಉಳಿಯುತ್ತದೆಯೋ ಇಲ್ಲವೋ? ಇಲ್ಲಿಯವರಿಗೆ ವಿ-8 ಎಂದರೆ ಯಂತ್ರವಷ್ಟೇ ಅಲ್ಲ, ಅದೊಂದು ಸದ್ದು. ರಿಗ್ಗಾ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹಾದುಹೋಗುವ ಗಾಡಿಯ ಗುಡುಗು ಕೇಳಿಯೇ ಅದು ಯಾವುದೆಂದು ಹೇಳಬಲ್ಲ ಹುಡುಗರನ್ನು ನಾನು ನೋಡಿದ್ದೇನೆ. ಆ ಗುಡುಗಿನ ಹಿಂದೆ ಅಗ್ಗದ ಪೆಟ್ರೋಲಿನ ಚರಿತ್ರೆ ಇದೆ. 2015ರ ಜುಲೈಯಲ್ಲಿ ಸ್ಪೆಷಲ್ 95 ಪೆಟ್ರೋಲ್ ಲೀಟರಿಗೆ 1.72 ದಿರ್ಹಮ್ ಇತ್ತು. ಆಗಸ್ಟ್ 1ರಿಂದ ಸರಕಾರ ಬೆಲೆಯನ್ನು ಜಗತ್ತಿನ ಮಾರುಕಟ್ಟೆಗೆ ಬಿಟ್ಟಿತು, ಮೊದಲ ತಿಂಗಳೇ 2.14 ಆಯಿತು. 2022ರ ಜುಲೈಯಲ್ಲಿ 4.52ಕ್ಕೆ ಮುಟ್ಟಿತು. ಬೇರೆ ದೇಶಗಳ ಹೊಗೆಯ ಕಾನೂನುಗಳೂ ಬಿಗಿಯಾಗಿದ್ದವು. 2021ರ ಜೂನಿನಲ್ಲಿ 300 ಸರಣಿಯ ಮುಸುಕು ಸರಿದಾಗ 5.7 ಲೀಟರಿನ ವಿ-8 ಇರಲಿಲ್ಲ. ಅದರ ಜಾಗದಲ್ಲಿ ಎರಡು ಟರ್ಬೊ ಇರುವ 3.5 ಲೀಟರಿನ ವಿ-6 ಕುಳಿತಿತ್ತು. ಬಲ ಹೆಚ್ಚು, ತೂಕ ಕಡಿಮೆ, ಖರ್ಚು ಕಡಿಮೆ. ಲೆಕ್ಕದಲ್ಲಿ ಎಲ್ಲವೂ ಲಾಭ. ಆದರೂ ಹಲವರು ಸೂತಕದವರ ಹಾಗೆ ಮಾತಾಡಿದರು. ಪ್ಯಾಟ್ರೋಲ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡವರಿಗೆ 2024ರಲ್ಲಿ ಅದೂ ತಪ್ಪಿತು. ಅದರ 5.6 ಲೀಟರಿನ ವಿ-8 ಹೋಗಿ 425 ಅಶ್ವಶಕ್ತಿಯ ಆರು ಸಿಲಿಂಡರ್ ಟರ್ಬೊ ಬಂತು.

ಪ್ಯಾಟ್ರೋಲಿನ ವಿಷಯದಲ್ಲಿ ಇನ್ನೊಂದು ಮಾತು. 2010ರಲ್ಲಿಯೂ 2024ರಲ್ಲಿಯೂ ಜಗತ್ತಿಗೆ ಅದರ ಮುಖ ಮೊದಲು ತೋರಿಸಿದ್ದು ಜಪಾನಿನಲ್ಲಲ್ಲ, ಅಬುಧಾಬಿಯಲ್ಲಿ. ರೂಪಾಯಿಯ ಕಾಲದಲ್ಲಿ ಬಂದದ್ದನ್ನು ಕೊಳ್ಳುತ್ತಿದ್ದ ಊರು ಈಗ ಏನು ಬರಬೇಕೆಂದು ಹೇಳುವಷ್ಟು ದೊಡ್ಡ ಗಿರಾಕಿಯಾಗಿತ್ತು. ಎಫ್‌ಜೆ ಕ್ರೂಸರ್ ಎಂಬ ಗುಂಡುಕಣ್ಣಿನ ಗಾಡಿಯನ್ನೇ ನೋಡಿ. ಅಮೆರಿಕದಲ್ಲಿ ಅದು 2014ಕ್ಕೆ ನಿಂತಿತು, ಜಪಾನಿನಲ್ಲಿ 2018ಕ್ಕೆ. ಗಲ್ಫಿನಲ್ಲಿ ಮಾತ್ರ ಮಾರಾಟ ಮುಂದುವರಿಯಿತು, 2022ರ ಕೊನೆಗೆ 1,000 ಗಾಡಿಗಳ ವಿದಾಯದ ಆವೃತ್ತಿಯನ್ನೂ ಈ ಕಡೆಯ ಮಾರುಕಟ್ಟೆಗೇ ಮೀಸಲಿಟ್ಟರು. 1984ರಲ್ಲಿ ಹುಟ್ಟಿದ ಲ್ಯಾಂಡ್ ಕ್ರೂಸರ್ 70 ಇಂದಿಗೂ ಇಲ್ಲಿ ಹೊಸದಾಗಿ ಸಿಗುತ್ತದೆ. ಅದರ ಪಿಕಪ್ಪಿಗೆ ಅರಬರು ಇಟ್ಟ ಹೆಸರು 'ಶಾಸ್', ಚಾಸಿ ಎಂಬುದರ ಅರಬೀ ರೂಪ. ಒಂಟೆಗೆ ಹುಲ್ಲು ಸಾಗಿಸುವವನಿಗೂ ಮೋಜಿಗೆ ಓಡಿಸುವವನಿಗೂ ಅದು ಪ್ರೀತಿಯದು.

ಹಳೆಯ ರೂಪವೊಂದು ಬೇರೆಡೆ ಸತ್ತ ಮೇಲೂ ಬದುಕುಳಿದ ಕತೆ ನಮಗೂ ಗೊತ್ತು. ಬ್ರಿಟನ್ ಕೈಬಿಟ್ಟ ಮಾರಿಸ್ ನಮ್ಮಲ್ಲಿ ಅಂಬಾಸಿಡರಾಗಿ 2014ರ ತನಕ ತಯಾರಾಗುತ್ತಿತ್ತು. ಅಂಬಾಸಿಡರನ್ನೂ ಜನ ಪ್ರೀತಿಸಿದರು, ಸುಳ್ಳಲ್ಲ. ಆದರೆ ಮೊದಲ ಮೂವತ್ತು ವರ್ಷ ಅದು ಉಳಿದದ್ದು ಬೇರೆ ಕಾರು ಇಲ್ಲದ ಕಾರಣ. ಎಫ್‌ಜೆ, 70 ಸರಣಿ ಇಲ್ಲಿ ಉಳಿದದ್ದು ಬೇರೆ ನೂರು ಕಾರುಗಳಿದ್ದೂ ಇದೇ ಬೇಕೆಂದು ಕೇಳಿದವರಿಂದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಕಾಯುವುದರ ಲೆಕ್ಕ ಯಾವಾಗಲೂ ಕಾಯುವವನ ಕೈಯಲ್ಲಿರುವುದಿಲ್ಲ. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರ ಉದಾಹರಣೆ ಕೊಡುತ್ತೇನೆ. ಕುಂದಾಪುರದ ಕಡೆಯವರು, ನನಗಿಂತ ಹಿರಿಯರು, ನಾನು ಅಣ್ಣ ಎನ್ನುತ್ತಿದ್ದೆ. ಅವರಿಗೆ ಹೆಂಡತಿ, ಇಬ್ಬರು ಮಕ್ಕಳು, ವರ್ಷಕ್ಕೆ ನಾಲ್ಕು ತಿಂಗಳು ಬಂದಿರುವ ತಾಯಿ. ಸಣ್ಣ ಕಾರಿನಲ್ಲಿ ಎಲ್ಲರೂ ಹಿಡಿಸುತ್ತಿರಲಿಲ್ಲ. ಏಳು ಜನ ಕೂರುವ ಪ್ರಾಡೊ, ಆರೇಳು ವರ್ಷ ಹಳೆಯದು, ಸಾಕೆಂದು ಅವರ ಆಸೆ. 2019ರಲ್ಲಿ ಹಣ ಹೊಂದಿಸಿಟ್ಟರು. ಆಗಲೇ ಹೊಸ ಪ್ರಾಡೊ ಬರುತ್ತದೆಂಬ ಗುಲ್ಲು. "ಹೊಸತ್ ಬಂದ್ರೆ ಹಳಿ ರೇಟ್ ಬೀಳತ್, ಒಂದ್ ವರ್ಷ ತಡಿ" ಎಂದು ತಮಗೆ ತಾವೇ ಹೇಳಿಕೊಂಡರು. ಬಂದದ್ದು ಕೋವಿಡ್. ಅದರ ಬೆನ್ನಿಗೆ ಜಗತ್ತಿನಾದ್ಯಂತ ಚಿಪ್ಪುಗಳ ಕೊರತೆ. ಹೊಸ ಕಾರುಗಳೇ ಸಿಗದೆ ಹಳೆಯದರ ಬೆಲೆ ಬೀಳುವ ಬದಲು ಏರಿತು. ಜಪಾನಿನಲ್ಲಿ ಹೊಸ ಲ್ಯಾಂಡ್ ಕ್ರೂಸರ್ ಕೊಳ್ಳುವವರಿಂದ ಒಂದು ವರ್ಷ ಮಾರುವುದಿಲ್ಲವೆಂದು ಬರೆಸಿಕೊಳ್ಳುತ್ತಿದ್ದರು, ಅದು ಹೊರದೇಶಕ್ಕೆ ಹೋಗದಿರಲೆಂದು. 2022ರ ಜನವರಿಯಲ್ಲಿ ಟೊಯೋಟಾ ತನ್ನ ದೇಶದ ಗಿರಾಕಿಗಳಿಗೆ ನಾಲ್ಕು ವರ್ಷ ಕಾಯಬೇಕಾದೀತು ಎಂದು ಪ್ರಕಟಿಸಿತು. ಸರದಿ ಎಂದರೆ ಏನೆಂದು ಮರೆತಿದ್ದ ಜಪಾನಿಗೆ ನಮ್ಮ ಎಪ್ಪತ್ತರ ದಶಕ ಬಂದಂತಾಗಿತ್ತು.

ಹೊಸ ಪ್ರಾಡೊ ಕೊನೆಗೂ ಬಂತು. ಅಷ್ಟರಲ್ಲಿ ನಾವಿಬ್ಬರೂ ದುಡಿಯುತ್ತಿದ್ದ ಕಚೇರಿಯಲ್ಲಿ ಜನ ಇಳಿಸಿದರು, ಅಣ್ಣನ ಹೆಸರೂ ಆ ಪಟ್ಟಿಯಲ್ಲಿತ್ತು. ಅವರು ಸಂಸಾರ ಸಮೇತ ಊರಿಗೆ ಹೋದರು. ಕಾರಿಗೆಂದು ಇಟ್ಟ ಹಣ ಊರಿನ ಅಂಗಡಿಯ ಮುಂಗಡವಾಯಿತು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಅವರ ತಾಯಿ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು, ಮಕ್ಕಳೂ ಸಾಮಾನೂ ಟ್ಯಾಕ್ಸಿಯಲ್ಲಿ. ಒಂದೇ ಗಾಡಿಯಲ್ಲಿ ಎಲ್ಲರೂ ಕೂತು ಫುಜೈರಾದ ಕಡಲಿಗೆ ಹೋಗಬೇಕೆಂದು ಆ ಮನೆಯವರು ಐದು ವರ್ಷ ಮಾತಾಡಿಕೊಂಡಿದ್ದರು. ಮಾಡೆಲ್ ಬದಲಾವಣೆಯ ಸುದ್ದಿಯನ್ನು ಬರಿಯ ಶೋಕಿಯವರ ಮಾತೆಂದು ಯಾರಾದರೂ ನಕ್ಕರೆ ನನಗೆ ಈ ಸಂಸಾರ ಎದುರಿಗೆ ಬರುತ್ತದೆ.

ಇದೇ ಸುದ್ದಿಯನ್ನು ಬೇರೆ ಕಿವಿಯಿಂದ ಕೇಳುವವರೂ ಇದ್ದಾರೆ. ನಮ್ಮಲ್ಲಿಂದ ನಡೆದುಹೋಗುವಷ್ಟು ದೂರದ ನಾಯಿಫ್ ಕಡೆ ವಾಹನಗಳ ಬಿಡಿಭಾಗದ ಅಂಗಡಿಗಳಿವೆ. ಅಲ್ಲಿ ಭಟ್ಕಳದ ಹಿರಿಯರೊಬ್ಬರು ನನಗೆ ಪರಿಚಯ, ನಾವೆಲ್ಲ ಸಾಹೇಬ್ರು ಎಂದೇ ಕರೆಯುವುದು. ಗೋಡೆಯೆತ್ತರದ ಕಪಾಟುಗಳಲ್ಲಿ ಫಿಲ್ಟರು, ಬೇರಿಂಗು, ಬೆಲ್ಟು. ಹೊಸ ಮಾಡೆಲ್ ಬಂದರೆ ನಿಮಗೆ ಲಾಭವೋ ನಷ್ಟವೋ ಎಂದು ಒಮ್ಮೆ ಕೇಳಿದೆ. "ಹೊಸದಕ್ಕೂ ನನಗೂ ಹತ್ತು ವರ್ಷ ದೂರ ಮಾರಾಯ್ರೆ" ಎಂದರು. "ಅದು ಮೊದಲು ಕಂಪೆನಿಯವರ ಗಿರಾಕಿ. ಹಳತಾದ ಮೇಲೆ ನನ್ನ ಗಿರಾಕಿ. ನೀವೆಲ್ಲ ಮುಂದಿನ ಮಾಡೆಲ್ ಯಾವುದು ಅಂತ ಕೇಳ್ತೀರಿ. ನಾನು ಕೇಳೂದು ಹಿಂದಿನ ಮಾಡೆಲ್ ಈಗ ಯಾವ ದೇಶದಲ್ಲಿ ಉಂಟು ಅಂತ." 1990ರ ದಶಕದ 80 ಸರಣಿಯ ಲ್ಯಾಂಡ್ ಕ್ರೂಸರಿನ ಸಾಮಾನು ಅವರಲ್ಲಿ ಈಗಲೂ ಹೋಗುತ್ತದೆ, ಕೊಳ್ಳುವವರು ಹೆಚ್ಚಾಗಿ ಆಫ್ರಿಕಾದ ವ್ಯಾಪಾರಿಗಳು. ಆ ಕಾರು ದೇರಾದ ಬೀದಿಯಿಂದ ಮರೆಯಾಗಿ ಎಷ್ಟೋ ವರ್ಷವಾಗಿದೆ. ಅವರ ಲೆಕ್ಕದ ಪುಸ್ತಕದಲ್ಲಿ ಅದು ಇನ್ನೂ ಓಡುತ್ತಿದೆ.

ಊರಿನ ಓದುಗರು ಇಷ್ಟು ಹೊತ್ತು ತಾಳ್ಮೆಯಿಂದ ಮರಳಿನ ಕತೆ ಓದಿದ್ದೀರಿ. ಇದೇ ಕತೆಯ ಒಂದು ಕೊನೆ ಕರ್ನಾಟಕದಲ್ಲಿದೆ. ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪನೆಯಾಗಿ ಬೆಂಗಳೂರು–ಮೈಸೂರು ದಾರಿಯ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿತು. 2000ದ ಆರಂಭದಲ್ಲಿ ಕ್ವಾಲಿಸ್ ಬಂತು. ಕರಾವಳಿಯಲ್ಲಿ ಮದುವೆಯ ದಿಬ್ಬಣಕ್ಕೂ ಧರ್ಮಸ್ಥಳದ ಯಾತ್ರೆಗೂ ಗಲ್ಫಿನವರನ್ನು ಬಜ್ಪೆಯಿಂದ ಕರೆತರುವುದಕ್ಕೂ ಅದೇ. ಮಾರಾಟ ಚೆನ್ನಾಗಿ ನಡೆಯುತ್ತಿದ್ದಾಗಲೇ ಕಂಪೆನಿ ಕ್ವಾಲಿಸ್ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಿತು. ಓಡುವ ಕುದುರೆಯನ್ನು ಲಾಯದಲ್ಲಿ ಕಟ್ಟುವವರುಂಟೇ ಎಂದು ಟ್ಯಾಕ್ಸಿಯವರು ಬೈದರು. ಕೆಲವರು ಸಿಕ್ಕಿದ ಕೊನೆಯ ಕ್ವಾಲಿಸನ್ನು ಜತನದಿಂದ ಕಾಪಾಡಿಕೊಂಡರು. ಪರವಾನಗಿ ಕಾಲದ ಕರ್ನಾಟಕಕ್ಕೆ ಗೊತ್ತೇ ಇರದಿದ್ದ ಒಂದು ಬೇಸರ ಅದು. ಇಷ್ಟವಾದ ಕಾರೊಂದು ಇನ್ನೂ ಒಳ್ಳೆಯದಕ್ಕೆ ಜಾಗ ಬಿಟ್ಟು ಹೋದ ಬೇಸರ. 2016ರಲ್ಲಿ ಇನ್ನೋವಾ ಕ್ರಿಸ್ಟಾ ಆಯಿತು. 2022ರ ನವೆಂಬರ್ 25ರಂದು ಹೈಕ್ರಾಸ್ ರೂಪ ಅನಾವರಣಗೊಂಡಿತು. ಅಂದು ವೇದಿಕೆಯಲ್ಲಿದ್ದ ವಿಕ್ರಮ್ ಕಿರ್ಲೋಸ್ಕರ್ ನಾಲ್ಕೇ ದಿನದಲ್ಲಿ, 29ರಂದು ತೀರಿಕೊಂಡರು. ಬಿಡದಿಗೆ ಟೊಯೋಟಾವನ್ನು ತಂದವರಲ್ಲಿ ಅವರು ಮುಖ್ಯರು.

ಹೈಕ್ರಾಸ್‌ಗೆ ಜನ ತಿಂಗಳುಗಟ್ಟಲೆ ಸರದಿಯಲ್ಲಿ ನಿಂತರು. ನಿಲ್ಲಬೇಕಾದ್ದಿರಲಿಲ್ಲ, ಅದೇ ಬೆಲೆಗೆ ಬೇರೆ ಕಾರುಗಳು ಮರುದಿನವೇ ಸಿಗುತ್ತಿದ್ದವು. ಅಂದರೆ ಗಲ್ಫಿನ ಕಾಯುವಿಕೆ ಈಗ ಊರಿಗೂ ಬಂದಿದೆ. ಮಾರುತಿಗೆ ಹಣ ಕಟ್ಟಿದ್ದ ಅಪ್ಪ, ಹೈಕ್ರಾಸ್‌ಗೆ ಹಣ ಕಟ್ಟಿದ ಮಗಳು ಇಬ್ಬರೂ ಕಾದರೆಂಬುದು ನಿಜ. ಅವಳಿಗೆ ಮಾತ್ರ ಬೇಡವೆನ್ನುವ ಸ್ವಾತಂತ್ರ್ಯವಿತ್ತು.

ಸರಕು ಹರಿಯುವ ದಿಕ್ಕೂ ಬದಲಾಗುತ್ತಿದೆ. 2022ರಿಂದ ಬಿಡದಿಯಲ್ಲಿ ಟೊಯೋಟಾದ ಹೈರೈಡರ್ ಜೊತೆಗೆ ಸುಜುಕಿಯ ಗ್ರ್ಯಾಂಡ್ ವಿಟಾರಾ ಕೂಡ ತಯಾರಾಗುತ್ತಿದೆ. 2023ರಿಂದ ಗ್ರ್ಯಾಂಡ್ ವಿಟಾರಾ ಮಧ್ಯಪ್ರಾಚ್ಯದ ದೇಶಗಳಿಗೆ ಹಡಗು ಹತ್ತುತ್ತಿದೆ. ಅದಕ್ಕೂ ಮೊದಲೇ, 2022ರ ಮೇ 1ರಿಂದ, ಭಾರತ ಮತ್ತು ಎಮಿರೇಟ್ಸ್ ನಡುವಿನ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತ್ತು. ಮೊನ್ನೆ ನಮ್ಮ ಕಟ್ಟಡದ ಕೆಳಗೆ ಪಾರ್ಕಿಂಗ್‌ಗಾಗಿ ಮೂರನೇ ಸುತ್ತು ಹಾಕುತ್ತಿದ್ದಾಗ ಮುಂದೆ ಎಡಗಡೆ ಸ್ಟಿಯರಿಂಗಿನ ಒಂದು ಗ್ರ್ಯಾಂಡ್ ವಿಟಾರಾ ಹೋಗುತ್ತಿತ್ತು. ಓಡಿಸುತ್ತಿದ್ದವರು ಫಿಲಿಪ್ಪೀನ್ಸಿನ ಹೆಂಗಸು. ರಾಮನಗರದ ಸುತ್ತಲಿನ ಹುಡುಗರ ಕೈ ತಾಗಿದ ಗಾಡಿ ಅದೆಂದು ಆಕೆಗೆ ಗೊತ್ತಿರಬೇಕಿಲ್ಲ.

ಸದ್ಯ ನಮ್ಮ ಚಹಾ ಅಂಗಡಿಯ ಮುಂದಿನ ಚರ್ಚೆ ಲ್ಯಾಂಡ್ ಕ್ರೂಸರ್ ಎಫ್‌ಜೆ. 2025ರ ಅಕ್ಟೋಬರಿನಲ್ಲಿ ಟೊಯೋಟಾ ಅದನ್ನು ಜಗತ್ತಿಗೆ ತೋರಿಸಿತು. ಲ್ಯಾಂಡ್ ಕ್ರೂಸರ್ ಬಳಗದಲ್ಲಿ ಎಲ್ಲಕ್ಕಿಂತ ಚಿಕ್ಕದು, 2.7 ಲೀಟರಿನ ಸಾಧಾರಣ ಪೆಟ್ರೋಲ್ ಎಂಜಿನ್. ಹಳೆಯ ಎಫ್‌ಜೆ ಇಟ್ಟುಕೊಂಡ ಹುಡುಗರು ಈಗ ಮಾರುವುದೋ ಉಳಿಸಿಕೊಳ್ಳುವುದೋ ಎಂಬ ತಾಕಲಾಟದಲ್ಲಿದ್ದಾರೆ. ಅದನ್ನು ಕೊಳ್ಳಬೇಕೆಂದಿರುವ ನರ್ಸ್ ದಂಪತಿಯೊಬ್ಬರು ಅವರ ಮಾತನ್ನು ದೂರದಿಂದ ಕೇಳಿಸಿಕೊಳ್ಳುತ್ತಾರೆ. ಸಾಹೇಬ್ರ ಅಂಗಡಿಯಲ್ಲಿ ಮಾತ್ರ ಈ ಗದ್ದಲವಿಲ್ಲ. ಕಳೆದ ವಾರ ಹೋದಾಗ ಅವರು ಹೊಸ ಪೆಟ್ಟಿಗೆಯೊಂದನ್ನು ಬಿಚ್ಚಿ ಏರ್ ಫಿಲ್ಟರುಗಳನ್ನು ಕಪಾಟಿನ ಕೆಳಸಾಲಿಗೆ ಜೋಡಿಸುತ್ತಿದ್ದರು. ಯಾವ ಗಾಡಿಗೆಂದು ಕೇಳಿದೆ. "ನಿಮ್ಮ ಬಿಡದಿಯದಕ್ಕೇ" ಎಂದರು. "ಈಗಲೇ ಯಾಕೆ ಸಾಹೇಬ್ರೆ, ಹತ್ತು ವರ್ಷ ಉಂಟಲ್ಲ?" ಎಂದೆ. "ಫಿಲ್ಟರಿಗೆ ಹತ್ತು ವರ್ಷ ಬೇಡ, ಧೂಳಿಗೆ ಮಾಡೆಲ್ ಗೊತ್ತಿಲ್ಲ" ಎಂದು ಪೆಟ್ಟಿಗೆಯ ಮೇಲಿನ ಚೀಟಿ ನೋಡಿ ಸಂಖ್ಯೆ ಬರೆದುಕೊಂಡರು.